ಮೊಮ್ಮಗ ಬಲಕ್ಕೆ ತಿರುಗಿದ ಕಾರಣ

ಮಣ್ಣಗುಡ್ಡ, ಮಂಗಳೂರು
12-2-1961

ಪ್ರೀತಿಯ ಕ್ರಿಸ್ಟಿನ್,

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊಮ್ಮಗನ ತಲೆ ಉರುಟಾಗುತ್ತಾ, ಗುಂಡಗಾಗುತ್ತಾ ಬಂತು. ಪೂರ್ತಿ ಅಲ್ಲ, ಆದರೆ ಹೇಳದಿದ್ದರೆ ಯಾರಿಗೂ ಗೊತ್ತಾಗದು. ನಿನ್ನ ಡಿಸೆಂಬರಿನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದಕ್ಕೆ ಕಾರಣ ಉಂಟು. ನಿನ್ನದು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಇರುವುದು ಎಂಟನೇ ಕ್ಲಾಸಿನ ಕನ್ನಡ. ತಪ್ಪು ಒಪ್ಪಿಕೊಳ್ಳಲು ಅದೇ ಸುಲಭ ಎಂದು ಈಗ ಬರೆಯಲು ಕೂತಿದ್ದೇನೆ.

ನಮ್ಮ ಯಜಮಾನರು ತೀರಿಕೊಂಡ ಎರಡನೇ ತಿಂಗಳಿಗೆ ಮಗಳು ಹೇಮಾಕ್ಷಿ ಇಲ್ಲಿ ಹೆತ್ತದ್ದು ನಿನಗೆ ಗೊತ್ತಿದೆ. ಮಗುವಿಗೆ ಎರಡು ತಿಂಗಳಾಗುವಾಗ ತಲೆಯ ಹಿಂದೆ ಬಲಬದಿ ಚಪ್ಪಟೆಯಾದದ್ದನ್ನು ಮೊದಲು ಕಂಡವನು ನನ್ನ ಮಗ ಜಯಪಾಲ. ಅವನು ಹತ್ತು ವರ್ಷದಿಂದ ಹಂಚಿನ ಕಾರ್ಖಾನೆಯಲ್ಲಿ ಸೊಟ್ಟ ಹಂಚು ಆರಿಸಿ ಬದಿಗಿಡುವ ಕೆಲಸದಲ್ಲಿದ್ದಾನೆ. ಒಂದು ಕಣ್ಣು ಮುಚ್ಚಿ ತಂಗಿಯ ಮಗುವನ್ನು ಬೆಳಕಿಗೆ ಹಿಡಿದು ನೋಡಿ, “ಬಲಕ್ಕೆ ಕಾಲಂಗುಲ ಬಗ್ಗಿದೆ ಹೇಮಾ. ನಮ್ಮಲ್ಲಿಯಾದರೆ ಇದು ಸೆಕೆಂಡ್ ಕ್ಲಾಸ್ ಮಾಲು” ಎಂದ. ಹೇಮಾಕ್ಷಿ ಕೈಯಲ್ಲಿದ್ದ ಸೌಟು ಬಿಸಾಡಿದಳು. ತಗಲಿದ್ದು ಕ್ಯಾಲೆಂಡರಿಗೆ.

ಅವಳ ಹೆದರಿಕೆ ಎಂತದೆಂದರೆ, ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕರೆದುಕೊಂಡು ಹೋಗಲು ಕೂಳೂರಿನಿಂದ ಅವಳ ಅತ್ತೆ ಗುಲಾಬಿಯಕ್ಕ ಬರುವವರು. ಮದುವೆಯ ದಿನ ನಮ್ಮ ಪಾಯಸಕ್ಕೆ ಬೆಲ್ಲ ಸಾಲದು ಎಂದು ಮೂರು ಪಂಕ್ತಿಗೆ ಕೇಳುವ ಹಾಗೆ ಹೇಳಿದವರು. ಈ ತಲೆ ನೋಡಿದರೆ ಬಿಡುತ್ತಾರೆಯೇ? “ಅಜ್ಜಿಮನೆಯಲ್ಲಿ ಮಗುವನ್ನು ನೋಡುವವರು ಯಾರೂ ಇರಲಿಲ್ಲವಾ ಅಂತ ಕೇಳ್ತಾರೆ ಅಮ್ಮ” ಎಂದು ಹೇಮಾಕ್ಷಿ ದಿನಕ್ಕೆ ಎರಡು ಸಲ ಅಳುತ್ತಿದ್ದಳು.

ಕುದ್ರೋಳಿಯಿಂದ ಬಂದು ಮಗುವನ್ನು ಮೀಯಿಸುವ ಮುದ್ದು ಅಷ್ಟರಲ್ಲಿ ರಾಗಿ ತುಂಬಿದ ಒಂದು ದಿಂಬು ಹೊಲಿದು ತಂದಳು. “ಹೆದರಬೇಡಿ ಉಮಾವತಿಯಕ್ಕ. ಮಣ್ಣಗುಡ್ಡದ ಅರ್ಧ ತಲೆಗಳು ನನ್ನ ಕೈಯಲ್ಲಿ ಆದದ್ದು. ಆಚೆಮನೆ ವಕೀಲರನ್ನು ನೋಡಿ, ಕೂದಲು ಹೋದ ಮೇಲೆ ನನ್ನ ಕೆಲಸ ಸರಿ ಕಾಣ್ತದೆ” ಎಂದಳು.

ಆಗ ನಿನಗೆ ಬರೆದೆ. ನೀನು ಬೊಂಬಾಯಿಯ ಆಸ್ಪತ್ರೆಯಿಂದ ದಾದಿಯ ಹಾಗೆಯೇ ಖಡಾಖಂಡಿತವಾಗಿ ಉತ್ತರ ಬರೆದೆ. ದಿಂಬು ಬೇಡ, ಮೂಗು ಮುಚ್ಚಿದರೆ ಜೀವಕ್ಕೆ ಅಪಾಯ. ತಲೆಯನ್ನು ಒತ್ತಿ ತಿದ್ದಬಾರದು. ಮಲಗಿಸುವುದು ಅಂಗಾತವೇ, ಆದರೆ ಎಚ್ಚರ ಇರುವಾಗ ಪಕ್ಕದಲ್ಲಿ ಕೂತುಕೊಂಡು ಸ್ವಲ್ಪ ಹೊತ್ತು ಕವುಚಿ ಹಾಕಬೇಕು, ಹೆಚ್ಚು ಎತ್ತಿಕೊಳ್ಳಬೇಕು. ಕುತ್ತಿಗೆ ಎರಡೂ ಕಡೆಗೆ ತಿರುಗುತ್ತದೆಯೋ ನೋಡು, ಇಲ್ಲದಿದ್ದರೆ ಡಾಕ್ಟರಿಗೆ ತೋರಿಸು. ಕುತ್ತಿಗೆ ತಿರುಗುತ್ತಿತ್ತು, ಮಗುವಿಗೇ ಮನಸ್ಸಿರಲಿಲ್ಲ.

ನಿನ್ನ ಪತ್ರ ಓದಿ ಹೇಳಿದಾಗ ಮುದ್ದು, “ಆ ನರ್ಸ್ ಬಾಯಿಗೆ ಮಕ್ಕಳೆಷ್ಟು?” ಎಂದು ಕೇಳಿದಳು. ಮದುವೆಯೇ ಆಗಿಲ್ಲ ಎಂದೆ. “ಪುಣ್ಯ” ಎಂದಳು. ಅವಳೊಡನೆ ಜಗಳಾಡಲು ನನ್ನಿಂದ ಆಗುವುದಿಲ್ಲ. ಬಿಸಿಲಿಗೆ ಹಾಕುತ್ತೇನೆಂದು ದಿಂಬನ್ನು ಕೋಳಿಗೂಡಿನ ಬಳಿ ಇಟ್ಟೆ, ಒಂದು ಮೂಲೆಯ ಹೊಲಿಗೆಯನ್ನೂ ಸ್ವಲ್ಪ ಬಿಚ್ಚಿದೆ. ಕೋಳಿಗಳು ಉಳಿದದ್ದು ನೋಡಿಕೊಂಡವು. ಮುದ್ದು ಮೂರು ದಿನ ನನ್ನಲ್ಲೂ ಮಾತಾಡಲಿಲ್ಲ, ಕೋಳಿಗಳನ್ನೂ ಬಯ್ಯಲಿಲ್ಲ. ಇದು ಮೊದಲನೆಯ ತಪ್ಪು.

ಆಮೇಲೆ ನೀನು ಬರೆದಿದ್ದೆ: ಒಂದೇ ಬದಿಗೆ ತಿರುಗುತ್ತದೆ ಎಂದರೆ ಆ ಬದಿಯಲ್ಲಿ ಮಗುವಿಗೆ ಬೇಕಾದ್ದು ಏನೋ ಉಂಟು, ಹಾಸಿಗೆಯನ್ನೇ ತಿರುಗಿಸಿ ಹಾಕಿ, ತಲೆ ಇದ್ದಲ್ಲಿ ಕಾಲು ಬರಲಿ. ನಿಮ್ಮ ಆಸ್ಪತ್ರೆಯಲ್ಲಿ ದಿಕ್ಕುಗಳಿಲ್ಲ ಕ್ರಿಸ್ಟಿನ್, ನಮ್ಮ ಮನೆಯ ಚಾವಡಿಯಲ್ಲಿ ಉಂಟು. ಮಗು ಮಲಗುತ್ತಿದ್ದದ್ದು ದಕ್ಷಿಣಕ್ಕೆ ತಲೆ ಹಾಕಿ. ತಿರುಗಿಸಿದರೆ ಉತ್ತರಕ್ಕೆ ತಲೆ, ಅದು ಯಾರಿಗೂ ಒಪ್ಪಿಗೆ ಇಲ್ಲ. ಪೂರ್ವಕ್ಕೆ ಹಾಕಿದರೆ ಕಾಲು ದೇವರ ಕೋಣೆಗೆ. ಪಶ್ಚಿಮಕ್ಕೆ ಹಾಕಿದರೆ ಅಡುಗೆಮನೆಗೆ ಹೋಗುವವರೆಲ್ಲ ಮಗುವನ್ನು ದಾಟಬೇಕು. ಜಯಪಾಲ ಸೀಮೆಸುಣ್ಣದಿಂದ ನೆಲದಲ್ಲಿ ನಕ್ಷೆ ಬರೆದು ಒಂದು ಗಂಟೆ ಯೋಚಿಸಿ, “ಮನೆ ಕಟ್ಟಿಸುವಾಗಲೇ ಅಪ್ಪ ನೋಡಬೇಕಿತ್ತು” ಎಂದ.

ಹಾಗಾಗಿ ಮಗುವಿಗೆ ಬೇಕಾದ್ದು ಯಾವುದು ಎಂದು ಹುಡುಕುವುದೊಂದೇ ಉಳಿಯಿತು. ಬಲಬದಿಯ ಕಿಟಕಿಯಾ ಎಂದು ಅದಕ್ಕೆ ಬೆಡ್‌ಶೀಟ್ ಕಟ್ಟಿದರು. ಕ್ಯಾಲೆಂಡರಿನ ಲಕ್ಷ್ಮಿಯಾ ಎಂದು ಸೌಟಿನ ಪೆಟ್ಟು ತಿಂದ ಲಕ್ಷ್ಮಿಯನ್ನು ಎಡಗೋಡೆಗೆ ತಂದರು. ಕೆಂಪು ಬಳೆಗಳ ಗೊಂಚಲನ್ನು ಎಡಕ್ಕೆ ತೂಗಹಾಕಿದರು. ಅದನ್ನು ಬೆಕ್ಕು ಮಾತ್ರ ನೋಡಿತು. ಪ್ರತಿ ಭಾನುವಾರ ಜಯಪಾಲ ಮಗುವಿನ ತಲೆಯ ಆಕಾರವನ್ನು ಕಂದು ಕಾಗದದಲ್ಲಿ ಬರೆದು ತಾರೀಕು ಹಾಕಿ ಗೋಡೆಗೆ ಅಂಟಿಸುತ್ತಿದ್ದ. ಮನೆಗೆ ಬಂದವರು ಕುಂಬಳಕಾಯಿಯ ಚಿತ್ರ ಎಂದುಕೊಳ್ಳುತ್ತಿದ್ದರು.

ಮಕ್ಕಳು ಹುಡುಕಿದ್ದು ಒಂಬತ್ತು ದಿನ. ನನಗೆ ಎರಡನೇ ದಿನವೇ ಗೊತ್ತಿತ್ತು.

ಆ ಕಿಟಕಿಯ ಬಳಿ ನಮ್ಮ ಯಜಮಾನರ ಕುರ್ಚಿ ಇತ್ತು. ಅದರಲ್ಲಿ ಕೂತು ದಾರಿಯಲ್ಲಿ ಹೋಗುವವರ ನಮಸ್ಕಾರಕ್ಕೆಲ್ಲ ತಿರುಗಿ ನಮಸ್ಕಾರ ಮಾಡುತ್ತಿದ್ದರು. ಅವರು ಹೋದ ಮೇಲೆ ಅದರಲ್ಲಿ ನಾನು ಕೂರುತ್ತೇನೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ ಮೇಲೆ ದಿನಚರಿಯ ಪುಸ್ತಕ ತೆಗೆದು, ಹಿಂದಿನ ದಿನ ಬರೆದದ್ದನ್ನು ಸಣ್ಣ ಸ್ವರದಲ್ಲಿ ಅವರಿಗೆ ಓದಿ ಹೇಳುತ್ತೇನೆ. ಅಕ್ಕಿ ಬಂತು, ಜಯಪಾಲನಿಗೆ ಶೀತ, ನುಗ್ಗೆ ಮರದ ಕೊಂಬೆ ಮುರಿಯಿತು, ಇಂಥದ್ದೇ. ಜಯಪಾಲ ಒಮ್ಮೆ ಎದ್ದು ಬಂದು ಎಂತ ಓದುವುದಮ್ಮ ಎಂದು ಕೇಳಿದಾಗ ಪುರಾಣ ಎಂದುಬಿಟ್ಟೆ. ಹುಡುಕಾಟದ ಆ ಎರಡನೇ ದಿನ ಓದುತ್ತಾ ತಲೆ ಎತ್ತಿದರೆ ಮಗು ಕಣ್ಣು ಪಿಳಿಪಿಳಿ ಮಾಡಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಓದು ನಿಲ್ಲಿಸಿದರೆ ಮುಖ ಗಂಟು ಹಾಕಿತು. ಹುಟ್ಟಿದಂದಿನಿಂದ ಕೇಳುತ್ತಾ ಇತ್ತೆಂದು ಕಾಣುತ್ತದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ನನಗೆ ನೆನಪಿಲ್ಲ.

ನಾನು ಜಾಗ ಬದಲಿಸಿದರೆ ಮುಗಿಯಿತು. ಅಷ್ಟೇ ಆಗಲಿಲ್ಲ ನನ್ನಿಂದ. ಬೇರೆ ಕಡೆ ಕೂತರೆ ಅವರಿಗೆ ಕೇಳಲಿಕ್ಕಿಲ್ಲ ಅನಿಸಿತು. ಹೇಮಾಕ್ಷಿ ಅಳುವುದನ್ನು ನೋಡಿಕೊಂಡು ಏಳು ದಿನ ಸುಮ್ಮನೆ ಇದ್ದೆ. ಇದು ಎರಡನೆಯ ತಪ್ಪು, ದೊಡ್ಡದು.

ಒಂಬತ್ತನೆಯ ದಿನ ಯಜಮಾನರಿಗೆ ವಿಷಯ ಓದಿ ಹೇಳಿದೆ. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಎಡಬದಿಗೆ, ಅಡುಗೆಮನೆಯ ಬಾಗಿಲ ಪಕ್ಕ ಇಟ್ಟೆ. ಕಿಟಕಿಯ ಬಳಿ ನೆಲದಲ್ಲಿ ನಾಲ್ಕು ಕಾಲಿನ ಗುರುತು ಉಳಿದಿದೆ. ಎಂತಕ್ಕಮ್ಮ ಎಂದು ಜಯಪಾಲ ಕೇಳಿದ್ದಕ್ಕೆ ಕಿಟಕಿಯಲ್ಲಿ ಗಾಳಿ ಜಾಸ್ತಿ ಎಂದೆ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಒಂದು ವಾರವಾಗಿತ್ತು, ಆದರೂ ಅವನು ನಂಬಿದ. ನಾನು ಓದಲು ಸುರು ಮಾಡಿದೆ. ಮಗು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿತು. ಆಮೇಲೆ ಮೆಲ್ಲ ಎಡಕ್ಕೆ ತಿರುಗಿತು.

ಮೊನ್ನೆ ಗುರುವಾರ ಗುಲಾಬಿಯಕ್ಕ ಬಂದರು. ಜಯಪಾಲ ಕುಂಬಳಕಾಯಿಗಳನ್ನೆಲ್ಲ ಗೋಡೆಯಿಂದ ಕಿತ್ತು ಅಡಗಿಸಿದ. ಅವರು ಮಗುವಿನ ತಲೆಯ ಮೇಲೆ ಎರಡು ಸಲ ಅಂಗೈ ಆಡಿಸಿದರು. “ತಲೆ ಒಳ್ಳೆದುಂಟು. ನಮ್ಮ ಕಡೆಯದ್ದು” ಎಂದರು. ಮುದ್ದು ಬಾಗಿಲ ಮರೆಯಿಂದ, “ನನ್ನ ಕೈಯದ್ದು” ಎಂದಳು. ಜಯಪಾಲ ತನ್ನ ಅಡಿಕೋಲನ್ನು ನೋಡಿಕೊಂಡ. ನಾನು ಪಾಯಸ ಬಡಿಸಿದೆ, ಬೆಲ್ಲ ಹೆಚ್ಚಾಗಿತ್ತು, ಅದನ್ನೂ ಹೇಳಿದರು.

ನಾಳೆ ತಾಯಿ ಮಗು ಕೂಳೂರಿಗೆ ಹೋಗುತ್ತಾರೆ. ಹೇಮಾಕ್ಷಿ ಖುಷಿಯಲ್ಲಿ ಅತ್ತೆಯ ಹತ್ತಿರ, “ಅಮ್ಮ ಪುರಾಣ ಓದದಿದ್ದರೆ ಇವ ಮಧ್ಯಾಹ್ನ ಮಲಗುವುದೇ ಇಲ್ಲ” ಎಂದುಬಿಟ್ಟಳು. “ಹಾಗಾದರೆ ಶನಿವಾರ ಶನಿವಾರ ಕೂಳೂರಿಗೆ ಬನ್ನಿ ಉಮಾವತಿಯಕ್ಕ. ನಮ್ಮಲ್ಲಿ ಓದುವವರು ಯಾರೂ ಇಲ್ಲ, ನಾನೂ ಕೂತು ಕೇಳ್ತೇನೆ” ಎಂದರು ಗುಲಾಬಿಯಕ್ಕ. ಬರುತ್ತೇನೆ ಎಂದಿದ್ದೇನೆ.

ಇಲ್ಲಿಗೆ ಕಾಗದ ಮುಗಿಯಿತು. ಮುಂದಿನ ಸಲ ಊರಿಗೆ ಬಂದಾಗ ಕಿಟಕಿಯ ಬಳಿ ಕುರ್ಚಿ ಕಾಣದಿದ್ದರೆ ಕೇಳಬೇಡ.

ನಿನ್ನ ಗೆಳತಿ,
ಉಮಾವತಿ

ಮರೆತದ್ದು: ನಿನ್ನೆ ನಿಜವಾದ ಪುರಾಣವನ್ನೇ ತೆಗೆದು ಓದಿ ನೋಡಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಮಗು ಮುಖ ಬಲಕ್ಕೆ ತಿರುಗಿಸಿತು, ಹಳೆಯ ಬದಿಗೇ. ಆ ಅಪಾಯ ಇನ್ನು ಬೇಡ ಎಂದು ಪುರಾಣದ ರಟ್ಟನ್ನು ಬಿಚ್ಚಿ ನನ್ನ ದಿನಚರಿಗೆ ಹೊಲಿದಿದ್ದೇನೆ. ಗುಲಾಬಿಯಕ್ಕನ ಬಗ್ಗೆ ಬರೆದ ಆರು ಪುಟಗಳನ್ನು ಅಂಟು ಹಾಕಿ ಮುಚ್ಚಿದ್ದೇನೆ. ಇನ್ನು ಅವರ ವಿಷಯ ಬಂದಲ್ಲೆಲ್ಲ ‘ಮಹಾರಾಜರು’ ಎಂದು ಓದಿದರಾಯಿತು. ನಿನ್ನೆ ಕುರ್ಚಿಯಲ್ಲಿ ಕೂತು ನಮ್ಮ ಯಜಮಾನರನ್ನೂ ಕೇಳಿದೆ, ಬೇಡ ಎನ್ನಲಿಲ್ಲ.