ಸಾಹೇಬನ ಚಿಪ್ಪು

ಮಾರ್ಚ್ 4, ಬೆಳಗ್ಗೆ 6.10
ಸಾಹೇಬನಿಗೆ ಸ್ನಾನ ಆಯಿತು. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷ. ಒರೆಸುವಾಗ ಹಿಂದಿನ ಚಿಪ್ಪು ಹೆಬ್ಬೆರಳ ಒತ್ತಿಗೆ ತಗ್ಗಿತು. ಬಾಯಿಗೆ ಬೆರಳು ಕೊಟ್ಟು ನೋಡಿದೆ. ಕಚ್ಚಲು ಹೋದ, ಆಗಲಿಲ್ಲ. ಕೊಕ್ಕು ಒದ್ದೆ ರಟ್ಟಿನ ಹಾಗೆ ಬಾಗಿತು.

ಅಪ್ಪ ಇಪ್ಪತ್ತಾರು ವರ್ಷ ಸಾಕಿದ ಆಮೆ. ಅಪ್ಪ ಹೋಗಿ ಒಂದೂವರೆ ವರ್ಷ. ಅಷ್ಟರಲ್ಲಿ ನಾವು ಮೂವರು ಸೇರಿ ಈ ಗತಿಗೆ ತಂದಿದ್ದೇವೆ. ಅಮ್ಮ ಹಾಲಲ್ಲಿ ನೆನೆಸಿದ ಬ್ರೆಡ್ ಹಾಕಿದರು, ಅಣ್ಣ ಟೊಮ್ಯಾಟೊ ಹಾಕಿದ. ನಾನು ಡ್ಯೂಟಿ ಡ್ಯೂಟಿ ಎಂದು ಅತ್ತ ತಿರುಗಿಯೂ ನೋಡಲಿಲ್ಲ.

ನಿನ್ನೆ ಪ್ರಾಣಿ ಡಾಕ್ಟರ್ ಹೇಳಿದ್ದು: “ಕ್ಯಾಲ್ಸಿಯಂ ಇಲ್ಲ, ಬಿಸಿಲಿಲ್ಲ. ಎರಡು ತಿಂಗಳು ನೋಡಿ. ಮೇ ನಾಲ್ಕಕ್ಕೆ ಮತ್ತೆ ತನ್ನಿ. ಸುಧಾರಿಸಿಲ್ಲ ಅಂದ್ರೆ ನರಳಿಸೋದು ಬೇಡ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸೋಣ.”

ಅಣ್ಣ ಅಲ್ಲೇ ತಲೆಯಾಡಿಸಿದ. ಮುಗಿಸುತ್ತಾರಂತೆ. ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಹದಿನೇಳು ವರ್ಷದಿಂದ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದೇನೆ. ಮೂಳೆ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರ್ಚ್ 5
ಕ್ಯಾಲ್ಸಿಯಂ ಪುಡಿ ತಂದೆ. ಚೀಟಿಯಲ್ಲಿ ಬರೆದಿರುವುದು ಒಂದು ಚಿಟಿಕೆ. ಚಿಟಿಕೆಯಲ್ಲಿ ಏನಾಗುತ್ತದೆ? ಪ್ಲಾಸ್ಟರ್ ಬೇಗ ಗಟ್ಟಿಯಾಗಬೇಕಾದರೆ ಪುಡಿ ಜಾಸ್ತಿ, ನೀರು ಕಡಿಮೆ. ಪಾಲಕ್ ಎಲೆ ಹಾಸಿ ಮೇಲೆ ಎರಡು ಚಮಚ ಸುರಿದೆ. ಕಿಟಕಿ ಗಾಜಿನ ಪಕ್ಕ, ಬಿಸಿಲು ಬೀಳುವಲ್ಲಿ ಇಟ್ಟೆ. ನೋಡೋಣ ಯಾರು ಮುಗಿಸುತ್ತಾರೆ.

ಮಾರ್ಚ್ 17
ಸಾಹೇಬ ನಾಲ್ಕು ದಿನದಿಂದ ಬಾಯಿ ತೆರೆದಿಲ್ಲ.

ಅಮ್ಮ ತಟ್ಟೆ ನೋಡಿ, “ಸುಣ್ಣ ಬಳಿದ ಗೋಡೆ ತಿನ್ನು ಅಂದ್ರೆ ಯಾರು ತಿಂತಾರೆ ಕಣೇ?” ಅಂದರು.

ಡಾಕ್ಟರಿಗೆ ಫೋನ್ ಮಾಡಿದೆ. “ಚಿಟಿಕೆ ಅಂದಿದ್ದೆ. ಪಾಲಕ್ ಬೇರೆ ಕೊಡ್ತಿದ್ದೀರಾ? ಅದು ಕ್ಯಾಲ್ಸಿಯಂನ ಮೈಗೆ ಹತ್ತೋಕೆ ಬಿಡಲ್ಲ. ಗಾಜು ದಾಟಿ ಬಂದ ಬಿಸಿಲಿಂದಾನೂ ಪ್ರಯೋಜನ ಇಲ್ಲ.”

ಹನ್ನೆರಡು ದಿನ ನೀರಲ್ಲಿ ಹೋಮ. ಮಾಡಿದ್ದು ನಾನೇ... ಮೂಳೆ ವಿಷಯ ಗೊತ್ತಿದ್ದವಳು. ಅಣ್ಣನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕೆಡಿಸಿದವಳೇ ಸರಿ ಮಾಡುತ್ತಾಳೆ.

ಮಾರ್ಚ್ 20
ಟೆರೇಸಿಗೆ ಶಿಫ್ಟ್. ಪ್ಲಾಸ್ಟರ್ ರೂಮಿನ ಖಾಲಿ ರಟ್ಟಿನ ಡಬ್ಬ ಕತ್ತರಿಸಿ ಬೇಲಿ ಕಟ್ಟಿದೆ, ಒಂದು ಮೂಲೆಯಲ್ಲಿ ನೆರಳು. ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ, ಹುಲ್ಲು. ಮೇಲೆ ಪುಡಿ — ಚಿಟಿಕೆ. ಎರಡು ಎಲೆ ತಿಂದ.

ಅಣ್ಣ ಒದ್ದೆ ಬಟ್ಟೆ ಹೊತ್ತು ಬಂದ. “ಇದನ್ನೆಲ್ಲ ಎಲ್ಲಿ ಒಣಗಿಸ್ಲಿ?”

“ಕೆಳಗೆ. ನಿನ್ನ ಪ್ಯಾಂಟಿಗೆ ಮೂಳೆ ಇಲ್ಲ.”

ಏಪ್ರಿಲ್ 9
ಅಮ್ಮ ಸಿಕ್ಕಿಬಿದ್ದರು. ಬೆನ್ನ ಹಿಂದೆ ಬ್ರೆಡ್.

“ಪಾಪ ಕಣೇ, ಸೊಪ್ಪು ತಿಂದೂ ತಿಂದೂ ಸೊರಗಿದೆ.”

“ಅಮ್ಮಾ, ಅದು ಆಮೆ. ಸೊಪ್ಪೇ ಅದರ ಊಟ.”

“ನಿಮ್ಮಪ್ಪ ಇದ್ದಿದ್ರೆ ಹೀಗೆ ಉಪವಾಸ ಕೆಡವ್ತಿರ್ಲಿಲ್ಲ.”

“ಅಪ್ಪ ಇದ್ದಿದ್ರೆ ಬ್ರೆಡ್ ಕೊಡ್ತಿರ್ಲಿಲ್ಲ.”

ಅಮ್ಮ ಅತ್ತರು. ನನಗೂ ಅಳು ಬಂತು. ಅಪ್ಪನಿಗಾಗಿ ಏನೂ ಮಾಡಲಾಗಲಿಲ್ಲ, ಆಗ ಅವರ ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಈ ಸಲ ಹೂಂ ಅನ್ನುವುದಿಲ್ಲ. ಅಳುತ್ತಲೇ ಬ್ರೆಡ್ ಕಸಿದುಕೊಂಡೆ, ಅದನ್ನು ಬಿಡಲಿಲ್ಲ.

ಏಪ್ರಿಲ್ 28
ಚಿಪ್ಪು ಒತ್ತಿ ನೋಡಿಲ್ಲ, ಐದು ವಾರ ಆಯಿತು. ಪ್ಲಾಸ್ಟರ್ ಒಳಗೆ ಕಡ್ಡಿ ತೂರಿಸಿ ನೋಡುವ ಪೇಶೆಂಟುಗಳಿಗೆ ಬೈಯುವವಳು ನಾನು. ಕಾಯಬೇಕು. ಹೆದರಿಕೆಯೂ ಇದೆ, ಸುಳ್ಳು ಯಾಕೆ.

ಅಣ್ಣ ಹೇಳಿದ, “ನಾಲ್ಕನೇ ತಾರೀಖು ರಜೆ ಹಾಕಿದ್ದೀನಿ. ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲಿ ಹಠ ಮಾಡ್ಬೇಡ.”

“ಮಾಡ್ತೀನಿ.”

ಮೇ 4, ಬೆಳಗ್ಗೆ 7.40
ಅಣ್ಣ ಬುಟ್ಟಿಯಲ್ಲಿ ಅಪ್ಪನ ಹಳೇ ಟವೆಲ್ ಹಾಸಿ ತಂದ. ಹೊರಡುವ ಮೊದಲು ಎಲೆ ಹಿಡಿದೆ. ಸಾಹೇಬ ಕತ್ತು ಚಾಚಿದ. ಎಲೆ ಸೇರಿಸಿ ಬೆರಳಿಗೂ ಬಾಯಿ ಹಾಕಿದ. ಎಳೆದೆ — ಬಿಡಲಿಲ್ಲ. ರಕ್ತ.

“ಬಿಡಿಸ್ಲಾ?” ಅಣ್ಣ ಗಾಬರಿ.

“ಬೇಡ. ಇರ್ಲಿ.” ನೋವಿಗೆ ಕಣ್ಣಲ್ಲಿ ನೀರು, ನಗುತ್ತಿದ್ದೆ.

ಅಣ್ಣ ನನ್ನ ಬೆರಳು ನೋಡಿದ, ಆಮೆಯ ಬಾಯಿ ನೋಡಿದ. “ಡಾಕ್ಟರ್‌ಗೆ ಮೊದ್ಲು ಯಾರನ್ನ ತೋರ್ಸೋದು?”

ಹಿಂದಿನ ಚಿಪ್ಪು ಈಗಲೂ ಸ್ವಲ್ಪ ಮೆತ್ತಗೇ ಇದೆ, ಕೊನೆಗೂ ಒತ್ತಿ ನೋಡಿದೆ. ಇರಲಿ. ಬ್ಯಾಂಡೇಜ್ ನಾನೇ ಸುತ್ತಿಕೊಂಡೆ. ಬಲಗೈ ತೋರುಬೆರಳು, ಪೆನ್ ಸರಿಯಾಗಿ ಹಿಡಿಯಲು ಆಗುತ್ತಿಲ್ಲ. ಕೆಳಗೆ ಅಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ. ಆ ಡಾಕ್ಟರ್ ಇಂಜೆಕ್ಷನ್ ಅಂತ ಬಾಯಿ ತೆರೆದರೆ, ಟೇಬಲ್ ಮೇಲೆ ಈ ಬೆರಳು ಇಟ್ಟು “ಕೊಕ್ಕು ಗಟ್ಟಿಯಾಗಿದೆ, ನೋಡಿ” ಅಂತ —