ಸೇತುವೆಯ ದೇವರಿಗೆ ಒಪ್ಪಿಸಿದ ಕೂಸು

ಹೋಯಿ ಆನ್
೨೪ ಆಗಸ್ಟ್ ೧೯೯೭

ಪ್ರೀತಿಯ ಖಿಯೆಮ್,

ಲಾವೋಸಿನ ಮಳೆಯಲ್ಲಿ ನೆನೆದುಕೊಂಡು ಮರ ಕೊಯ್ಯುತ್ತಿಲ್ಲ ತಾನೆ? ಉಳಿ ತಾಗಿದ ಹೆಬ್ಬೆರಳು ವಾಸಿಯಾಯಿತೇ? ಅಲ್ಲಿಯ ಅಂಟು ಅನ್ನ ನಿನಗೆ ಒಗ್ಗುವುದಿಲ್ಲ, ಆದರೂ ಹೊಟ್ಟೆ ತುಂಬ ತಿನ್ನು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನನ್ನಂಥವರಿಗೆ ಏನೂ ಆಗುವುದಿಲ್ಲ.

ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ. ನಿನ್ನ ಮಗ, ನಮ್ಮ ಕಪ್ಪೆಮರಿ, ಹಾಲು ಸಾಲದೆ ಹಗಲೂ ರಾತ್ರಿ ಅಳುತ್ತಿದ್ದ. ಡಾಕ್ಟರು ಕಾಯಿಲೆ ಏನೂ ಇಲ್ಲವೆಂದರು. ಸೊಸೆ ಥೋವಾ ಬಟ್ಟೆ ಒಗೆಯುತ್ತಿದ್ದಾಗ ಅವಳಿಗೆ ಹೇಳದೆ ಕೂಸನ್ನು ಎತ್ತಿಕೊಂಡು ನಮ್ಮೂರ ಹಳೆಯ ಚಾವಣಿ ಸೇತುವೆಗೆ ಹೋದೆ. ಕಾವಲು ನಾಯಿಗಳ ಮೂರ್ತಿಗೆ ಊದುಬತ್ತಿ ಹಚ್ಚಿ, ಸೇತುವೆಯೊಳಗಿನ ಗುಡಿಯಲ್ಲಿ, ದೇವರೇ ಕಾಯಲೆಂದು, ಅವನನ್ನು ಹೆಸರಿಗೆ ದೇವರ ಮಗನಾಗಿ ಒಪ್ಪಿಸಿದೆ. ನಿನ್ನ ಅಜ್ಜಿ ನಿನ್ನನ್ನೂ ಹೀಗೆಯೇ ಒಪ್ಪಿಸಿದ್ದರು. ದೃಷ್ಟಿ ತಾಗಬಾರದೆಂದು ‘ಸುಲಿದ ಇಲಿ, ಯಾರಿಗೂ ಬೇಡವಾದದ್ದು’ ಎಂದು ಬೈದಿದ್ದರು. ಪಕ್ಕದಲ್ಲಿ ನಿಂತು ನಾನೇ ನಕ್ಕಿದ್ದೆ. ಆದರೆ ಅವರು ಬೈದದ್ದು ಕೂಸನ್ನು ಮಾತ್ರ.

ನಾನೂ ‘ವಿಕಾರ ಕಪ್ಪೆ, ನಮಗೆ ಬೇಡ, ನೀನೇ ಇಟ್ಕೊ ತಂದೆ’ ಎಂದೇ ಶುರು ಮಾಡಿದೆ. ಅಲ್ಲಿ ಊದುಬತ್ತಿ ಮಾರುವವಳು, ನಮ್ಮ ಬೀದಿಯವರೆಲ್ಲ ಆರನೆಯಕ್ಕ ಎಂದು ಕರೆಯುವವಳು, ‘ಜೋರಾಗಿ ಹೇಳ್ರೀ, ದೇವರಿಗೂ ವಯಸ್ಸಾಯ್ತು, ಕಿವಿ ಮಂದ!’ ಎಂದಳು. ಜನ ನಕ್ಕರು. ನನಗೆ ಹುರುಪು ಬಂತು. ‘ಇದರ ಅವ್ವನಿಗೆ ಎದೇಲಿ ಹಾಲೂ ಇಲ್ಲ, ಕೈಯಲ್ಲಿ ಕೆಲಸಾನೂ ಇಲ್ಲ. ಹುಯೆ ಪಟ್ಟಣದಿಂದ ಗೊಂಬೆ ತಂದಿದಾನೆ ನನ್ನ ಮಗ, ಅವಳನ್ನೂ ಇಟ್ಕೊ!’ ಎಂದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಥೋವಾ. ಕೂಸನ್ನು ಹುಡುಕುತ್ತ ಓಡಿ ಬಂದಿದ್ದಳು, ಕೈಯ ಸೋಪಿನ ನೊರೆ ಕೂಡ ಆರಿರಲಿಲ್ಲ. ‘ಅತ್ತೆ, ಮಗೂನ ಕೊಡಿ’ ಎಂದಳು, ಅಷ್ಟೇ. ಎತ್ತಿಕೊಂಡು ಸೇತುವೆಯ ಆ ಕಡೆಗೆ ಇಳಿದವಳು ಸಂಜೆಯ ಬಸ್ಸಿಗೆ ತವರಿಗೆ ಹೊರಟುಹೋದಳು. ನನಗೆ ಎಷ್ಟು ನಾಚಿಕೆಯೆಂದರೆ, ಆರನೆಯಕ್ಕನ ಕಣ್ಣಿಗೂ ಬೀಳದ ಹಾಗೆ ಸುತ್ತು ಹಾಕಿ ಮಾರ್ಕೆಟ್ಟಿಗೆ ಹೋಗುತ್ತೇನೆ.

ನಾನು ಕರೆದರೆ ಅವಳು ಬರುವುದಿಲ್ಲ. ‘ಮನೆಗೆ ಹೋಗು’ ಎಂದು ನೀನು ಒಂದು ಸಾಲು ಬರೆದರೆ ಬಂದೇ ಬರುತ್ತಾಳೆ. ಬರೆ ಮಗಾ. ಮನೆ ಬಿಕೋ ಎನ್ನುತ್ತಿದೆ.

ನಿನ್ನ ಅಪ್ಪನ ಪಟದ ಮುಂದೆ ನಿನ್ನ ಹೆಸರು ಹೇಳಿ ಕೈಮುಗಿದಿದ್ದೇನೆ. ಹಿಡಿದ ಕೆಲಸ ಹಗುರಾಗಲಿ.

ನಿನ್ನ ಅಮ್ಮ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಬೀಗಿತ್ತಿಯಿಂದ ಸುದ್ದಿ ಬಂತು. ಅವರು ಬೈದಿಲ್ಲ. ಥೋವಾಗೆ ಈಗ ಹಾಲು ಚೆನ್ನಾಗಿ ಬರುತ್ತಿದೆ, ಮಗು ಕುಡಿದು ಹಾಯಾಗಿ ಮಲಗುತ್ತದೆ ಎಂದಷ್ಟೇ ಹೇಳಿ ಕಳಿಸಿದ್ದಾರೆ. ಅವಳ ಎದೆಯ ಹಾಲು ಯಾರ ದೆಸೆಯಿಂದ ಬತ್ತಿತ್ತೆಂದು ನನಗೆ ಗೊತ್ತಾಯಿತು. ಮೇಲೆ ಕೇಳಿದ ಆ ಸಾಲು ಬರೆಯಬೇಡ, ಖಿಯೆಮ್.