ಮೇಣದಲ್ಲಿಟ್ಟ ಚೂರು

ಬಿಶ್ಕೆಕ್

ಮಾನ್ಯ ಡಾಕ್ಟರ್ ಚಿನಾರಾ ಸಾತಿಬೆಕೊವ್ನಾ ಅವರಿಗೆ,

ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ನನ್ನ ಮಗಳು ಬೆಗಿಮಾಯ್‌ಳ ಮಿದುಳಿನಿಂದ ತೆಗೆದ ಗಡ್ಡೆಯ ಚೂರನ್ನು ನೀವು ಪರೀಕ್ಷೆಗೆಂದು ಮೇಣದಲ್ಲಿಟ್ಟು ಕಾಪಾಡಿದ್ದೀರಿ. ನಮ್ಮಲ್ಲಿ ದೇಹದ್ದೆಲ್ಲವೂ ಮಣ್ಣಿಗೇ ಸೇರಬೇಕು. ಅವಳು ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಮೊದಲು ಅದನ್ನು ಅವಳ ಗೋರಿಯಲ್ಲಿ ಹೂಳಬೇಕೆಂದು ಕೇಳಿದೆ.

ನೀವು ಒಪ್ಪಲಿಲ್ಲ. "ಅಕ್ಸಕಾಲ್, ಹಿರಿಯರು ನೀವು, ಕೇಳಿ. ಮಿದುಳಿನ ರಕ್ತನಾಳಗಳು ಔಷಧಿನ ಒಳಗೆ ಬಿಡೋದೇ ಕಷ್ಟ. ಬಿಟ್ರೂ ಗಡ್ಡೇಲಿ ನೂರು ಥರದ ಜೀವಕಣ ಇರ್ತವೆ. ಕೆಲವು ಸಾಯ್ತವೆ, ಬಗ್ಗದೇ ಇರೋವು ಬೆಳೀತವೆ. ಯಾಕೆ ಅಂತ ನೋಡ್ಬೇಕು" ಎಂದಿರಿ. ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದ ನನಗೆ ಈ ವಾದ ನಿಮಗೆ ತೀರಾ ಅನುಕೂಲಕರವೆನಿಸಿತು. ಔಷಧಿ ಒಳಹೋಗದಿದ್ದರೆ ತಪ್ಪು ಮಿದುಳಿನದು, ಹೋದರೆ ಗಡ್ಡೆಯದು; ಆಸ್ಪತ್ರೆಯದು ಎಂದಿಗೂ ಅಲ್ಲ. ಔಷಧಿಯೇ ನಕಲಿಯಾಗಿರಲಿಲ್ಲವೆಂದು ಹೇಗೆ ನಂಬಲಿ?

ಬೆಗಿಮಾಯ್ ನಗುತ್ತಿದ್ದಳು: "ಅಪ್ಪ, ಡಾಕ್ಟರ್ ಜೊತೆ ವಾದ ಮಾಡ್ಬೇಡ. ನೀನು ಗೆದ್ರೂ ಸೂಜಿ ಚುಚ್ಚೋದು ನಂಗೇ."

ಗುರುವಾರ ಬರುತ್ತೇನೆ. ಔಷಧಿಗೆ ಬಗ್ಗದ ಆ ಜೀವಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸಿ. ಕಂಡರೆ ಚೂರು ನಿಮ್ಮಲ್ಲೇ ಇರಲಿ. ಹೂಳಿ ಬಂದೆನೆಂದು ಅವಳ ತಾಯಿಗೆ ನಾನೇ ಹೇಳುತ್ತೇನೆ. ಆಮೇಲೆ ಆಸ್ಪತ್ರೆಯಿಂದ ಯಾರೂ ನಮ್ಮ ಮನೆಗೆ ಫೋನ್ ಮಾಡಬಾರದು.

ಇನ್ನೂ ಒಪ್ಪದಿರುವ,
ಕುಬಾನಿಚ್ ತೊಕ್ತೊರೊವ್